ಥಾರ್ ಮರುಭೂಮಿಯಲ್ಲಿ ಒಂಟಿ ಬೈಕು, ದಾರಿಯುದ್ದಕ್ಕೂ ಬನ್ನಿ ಮರ

ಏಪ್ರಿಲ್ ಮೂರನೇ ವಾರ ಥಾರ್‌ಗೆ ಹೋಗುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಆ ಬಿಸಿಲಲ್ಲಿ ಯಾಕೆ?" ಚಳಿಗಾಲದ ಥಾರ್ ನಾನು ಒಮ್ಮೆ ನೋಡಿದ್ದೆ. ಟೆಂಟು, ಒಂಟೆ ಸವಾರಿ, ರಾತ್ರಿ ಹಾಡು ಕುಣಿತ. ಎಲ್ಲ ಚೆನ್ನಾಗಿತ್ತು. ಆದರೆ ಪ್ರವಾಸಿಗರು ಜಾಗ ಖಾಲಿ ಮಾಡಿದ ಮೇಲೆ, ಬಿಸಿಗಾಳಿ ಬೀಸುವ ತಿಂಗಳುಗಳಲ್ಲಿ ಅಲ್ಲಿನವರು ಹೇಗೆ ಬದುಕುತ್ತಾರೆ ಅನ್ನುವುದು ಅಂದಿನಿಂದಲೂ ತಲೆಯಲ್ಲಿ ಕೂತಿತ್ತು. ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಜೋಧ್‌ಪುರಕ್ಕೆ ಕಳಿಸಿ ಹಿಂದೆಯೇ ಹೋದೆ. ಟ್ಯಾಂಕು ಪೂರ್ತಿ ಬರಿದು ಮಾಡಿಯೇ ಪಾರ್ಸೆಲ್‌ಗೆ ಕೊಡಬೇಕು, ಹಾಗಾಗಿ ಇಳಿಸಿಕೊಂಡ ಮೇಲೆ ಪೆಟ್ರೋಲ್ ಬಂಕಿನವರೆಗೆ ತಳ್ಳಿದ್ದೇ ಮೊದಲ ಪ್ರಯಾಣ.

ಮೊದಲ ದಿನ: ಜೋಧ್‌ಪುರ, ಖೇಜಡ್ಲಿ, ಓಸಿಯಾನ್

ನಾನು ಹೋಗಬೇಕಿದ್ದದ್ದು ವಾಯವ್ಯಕ್ಕೆ. ಆದರೂ ಬೆಳಿಗ್ಗೆ ಆರಕ್ಕೆ ಹೊರಟವ ಮೊದಲು ದಕ್ಷಿಣಕ್ಕೆ ತಿರುಗಿಸಿದೆ. ಸುಮಾರು 25 ಕಿಲೋಮೀಟರ್ ದೂರದ ಖೇಜಡ್ಲಿ ನೋಡದೆ ಈ ಪ್ರಯಾಣ ಶುರು ಮಾಡಲು ಮನಸ್ಸು ಒಪ್ಪಲಿಲ್ಲ.

ಆ ಊರಿಗೆ ಹೆಸರು ಬಂದದ್ದು ಖೇಜ್ಡಿ ಮರದಿಂದ. ಖೇಜ್ಡಿ ಅಂದರೆ ನಮ್ಮ ಬನ್ನಿ. ವಿಜಯದಶಮಿಯ ಸಂಜೆ ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅನ್ನುತ್ತೇವಲ್ಲ, ಅದೇ ಶಮೀವೃಕ್ಷ. 1730ರಲ್ಲಿ ಮಾರವಾಡದ ಮಹಾರಾಜ ಅಭಯಸಿಂಹನ ಅರಮನೆ ಕಟ್ಟಲು ಸುಣ್ಣ ಸುಡಬೇಕಿತ್ತು, ಅದಕ್ಕೆ ಸೌದೆ ಬೇಕಿತ್ತು. ಕೊಡಲಿ ಹಿಡಿದ ಆಳುಗಳು ಹಸಿ ಮರ ಕಡಿಯದ ಬಿಷ್ಣೋಯಿ ಪಂಥದವರ ಈ ಊರಿಗೆ ಬಂದಾಗ ಅಮೃತಾದೇವಿ ಎಂಬ ಹೆಂಗಸು ಮರವನ್ನು ತಬ್ಬಿ ನಿಂತಳು. ಅವಳ ತಲೆ ಉರುಳಿತು. ಅವಳ ಮೂವರು ಹೆಣ್ಣುಮಕ್ಕಳು ತಬ್ಬಿದರು, ಆಮೇಲೆ ಊರೂರಿಂದ ಜನ ಬಂದು ತಬ್ಬಿದರು. ಒಟ್ಟು 363 ಜನ ಸತ್ತ ಮೇಲೆ ರಾಜ ಆಜ್ಞೆಯನ್ನು ಹಿಂತೆಗೆದುಕೊಂಡ.

ಈಗ ಅಲ್ಲಿ ಸ್ಮಾರಕವಿದೆ, ಸುತ್ತ ತೋಪಿದೆ. ನಾನು ಹೋದಾಗ ಬಿಳಿ ಧೋತರ, ಬಿಳಿ ಪೇಟದ ಹಿರಿಯರೊಬ್ಬರು ಹಕ್ಕಿಗಳಿಗೆಂದು ಇಟ್ಟ ಮಣ್ಣಿನ ಬಟ್ಟಲುಗಳಿಗೆ ನೀರು ತುಂಬುತ್ತಿದ್ದರು. "ರಾಮ್ ರಾಮ್ ಸಾ" ಅಂದೆ. ಬೈಕಿನ ನಂಬರ್ ಪ್ಲೇಟು ನೋಡಿ ದೂರ ಕೇಳಿದರು. ನಮ್ಮಲ್ಲೂ ಈ ಮರ ಇದೆ, ಹಬ್ಬಕ್ಕೆ ಪೂಜೆ ಮಾಡುತ್ತೇವೆ ಎಂದೆ. ಅವರು ಬಟ್ಟಲು ಕೆಳಗಿಟ್ಟು ಕೇಳಿದ ಮೊದಲ ಪ್ರಶ್ನೆ, "ಕಡೀತೀರಾ?" ಇಲ್ಲ, ಎಲೆ ಕಿತ್ತು ಹಂಚುತ್ತೇವೆ ಅಷ್ಟೇ ಎಂದೆ. ಸ್ವಲ್ಪ ಯೋಚಿಸಿ "ಎಲೆ ಆದರೆ ಪರವಾಗಿಲ್ಲ, ಮತ್ತೆ ಬರುತ್ತೆ" ಅಂದರು. ಆ ಅಪ್ಪಣೆ ಸಿಕ್ಕಿದ್ದಕ್ಕೆ ನನಗೆ ನಿಜವಾಗಿಯೂ ನೆಮ್ಮದಿಯಾಯಿತು.

ಹಿಂದಿರುಗಿ ಜೋಧ್‌ಪುರ ದಾಟಿ ಓಸಿಯಾನ್ ತಲುಪುವಷ್ಟರಲ್ಲಿ ಹನ್ನೊಂದು. ಈ ಒಂದೂವರೆ ಗಂಟೆಯಲ್ಲಿ ಒಂದು ಪಾಠ ಕಲಿತೆ. ಸೆಕೆಯೆಂದು ಜಾಕೆಟ್ಟಿನ ಜಿಪ್ ತೆರೆದು ಓಡಿಸುತ್ತಿದ್ದೆ. ಗಾಳಿ ನಮ್ಮ ಮೈಗಿಂತ ಬಿಸಿಯಾಗಿರುವಾಗ ಅದು ತಂಪು ಮಾಡುವುದಿಲ್ಲ, ಒಲೆಯ ಬಾಯಿಯಂತೆ ಸುಡುತ್ತದೆ. ಬೆವರು ಕಾಣಿಸುವ ಮೊದಲೇ ಆರಿ, ನೀರು ಎಷ್ಟು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಒಳಗಿನ ಹತ್ತಿ ಅಂಗಿಯನ್ನು ನೀರಲ್ಲಿ ಅದ್ದಿ ಹಿಂಡಿ, ಮೇಲೆ ಜಾಕೆಟ್ ಪೂರ್ತಿ ಮುಚ್ಚಿಕೊಂಡರೆ ಮುಕ್ಕಾಲು ಗಂಟೆ ಹಾಯಾಗಿರುತ್ತದೆ. ಮುಂದಿನ ಐದು ದಿನ ಇದೇ ನನ್ನನ್ನು ಕಾಪಾಡಿತು. ಓಸಿಯಾನ್‌ನ ಹಳೆಯ ಗುಡಿಗಳನ್ನು, ದಿಬ್ಬದ ಮೇಲಿನ ಸಚಿಯಾ ಮಾತೆಯನ್ನು ಸಂಜೆ ನೋಡಿದೆ. ಮೆಟ್ಟಿಲ ಕಲ್ಲು ಸೂರ್ಯ ಮುಳುಗಿದ ಮೇಲೂ ಅಂಗಾಲಿಗೆ ಕಾದ ಹಂಚಿನಂತಿತ್ತು.

ಎರಡನೇ ದಿನ: ಫಲೋದಿ, ಖೀಚನ್, ಪೋಖರಣ್

ಫಲೋದಿಯ ರಸ್ತೆಯಲ್ಲಿ ಒಂಬತ್ತರ ಹೊತ್ತಿಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳತೊಡಗಿತು. ದಾರಿ ಪಕ್ಕದ ಒಂದು ಖೇಜ್ಡಿಯ ಕೆಳಗೆ ಹುಲ್ಲಿನ ಚಪ್ಪರ, ಅದರೊಳಗೆ ಒದ್ದೆ ಗೋಣಿತಾಟು ಸುತ್ತಿದ ಐದಾರು ಮಡಕೆ, ಪಕ್ಕದಲ್ಲಿ ಕೆಂಪು ಪೇಟದ ಮುದುಕರು. ಇಲ್ಲಿ ಇದಕ್ಕೆ ಪ್ಯಾವು ಅನ್ನುತ್ತಾರೆ. ನಮ್ಮ ಅರವಟ್ಟಿಗೆ. ನಮ್ಮಲ್ಲಿ ಈ ಪದ ಈಗ ಬೇಸಿಗೆಯಲ್ಲಿ ಪತ್ರಿಕೆಯ ಸುದ್ದಿಯಲ್ಲಷ್ಟೇ ಕಾಣುತ್ತದೆ. ಅಲ್ಲಿ ಅದು ರಸ್ತೆಯ ಒಂದು ಭಾಗ, ಮೈಲಿಗಲ್ಲಿನ ಹಾಗೆ.

ಗ್ಲೌಸ್ ಕಿತ್ತು ಬೊಗಸೆ ಒಡ್ಡಿದೆ. ಮುದುಕರು ಹೊಯ್ಯಲಿಲ್ಲ. "ಮೊದಲು ಕೂತ್ಕೋ ಬೇಟಾ. ಉಸಿರು ಇಳೀಲಿ" ಅಂದರು. ಎರಡು ನಿಮಿಷ ಕೂರಿಸಿ, ಮುಖ ತೊಳೆಸಿ, ಆಮೇಲೆ ಉದ್ದ ಮೂತಿಯ ಪಾತ್ರೆಯಿಂದ ಸಣ್ಣಗೆ ಧಾರೆ ಬಿಟ್ಟರು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ನಾನು ಕುಡಿಯುವ ವೇಗಕ್ಕೆ ಅವರ ಮಣಿಕಟ್ಟು ತಾನಾಗಿ ಬಾಗುತ್ತಿತ್ತು, ನಾನು ಉಸಿರಿಗೆ ನಿಂತಾಗ ಧಾರೆಯೂ ನಿಲ್ಲುತ್ತಿತ್ತು. ನೀರಿಗೆ ಹೊಸ ಮಡಕೆಯ ವಾಸನೆ, ಚೂರು ಸವಳು. ಅಷ್ಟು ರುಚಿಯಾದ ನೀರನ್ನು ನಾನು ಕುಡಿದದ್ದು ನೆನಪಿಲ್ಲ. ದುಡ್ಡು ಕೊಡಲು ಹೋದರೆ ಕೈಮುಗಿದು ಹಿಂದೆ ಸರಿದರು. "ಹತ್ತರೊಳಗೆ ಓಡಿಸು. ಹತ್ತರಿಂದ ನಾಲ್ಕು ಮರ ಹಿಡಿ. ಒಂಟೆನೂ ಹಾಗೇ ಮಾಡೋದು" ಅಂದರು. ಆಮೇಲೆ ಇಡೀ ಪ್ರವಾಸ ಈ ಮಾತಿನಂತೆಯೇ ನಡೆಯಿತು. ಮುರಿದದ್ದು ಒಂದೇ ದಿನ, ಅದಕ್ಕೆ ತಕ್ಕ ಫಲವೂ ಸಿಕ್ಕಿತು.

ಫಲೋದಿ ಉಪ್ಪಿನ ಊರು, ಬಿಸಿಲಿನ ಊರು. 2016ರ ಮೇ 19ರಂದು ಇಲ್ಲಿ ದಾಖಲಾದ 51 ಡಿಗ್ರಿ ದೇಶದ ದಾಖಲೆ. ನಾನು ಹೋದ ದಿನ 42. ಚಕ್ರಕ್ಕೆ ಗಾಳಿ ನೋಡಿಸಲು ನಿಂತ ಅಂಗಡಿಯಲ್ಲಿ ಆ ದಿನದ ನೆನಪು ಕೇಳಿದೆ. "ಬೀಗಕ್ಕೆ ಬಟ್ಟೆ ಸುತ್ತಿ ತೆಗೆದೆ. ಉಳಿದಂತೆ ದಿನದ ಹಾಗೇ ಇತ್ತು. ಟಿವಿ ನೋಡಿದ ಮೇಲೆ ಗೊತ್ತಾಯ್ತು" ಅಂದ ಅಂಗಡಿಯವ. ಅವನೇ ಒಂದು ಮಾತು ಹೇಳಿದ: ಬಿಸಿಲಿಗೆ ಟೈರು ಉಬ್ಬುತ್ತದೆಂದು ಮಧ್ಯಾಹ್ನ ಗಾಳಿ ಬಿಡಬೇಡ, ಬೆಳಿಗ್ಗೆ ತಣ್ಣಗಿರುವಾಗ ಅಳತೆ ನೋಡಿ ಹಾಗೇ ಬಿಡು. ಗಾಳಿ ಕಡಿಮೆಯಾದ ಟೈರು ಬಾಗಿ ಬಾಗಿ ಇನ್ನೂ ಕಾಯುತ್ತದಂತೆ.

ಊಟಕ್ಕೆ ಸಜ್ಜೆ ರೊಟ್ಟಿ, ಮಜ್ಜಿಗೆ, ಕೇರ್-ಸಾಂಗ್ರಿ ಪಲ್ಯ. ಕೇರ್ ಅಂದರೆ ಎಲೆಯಿಲ್ಲದ ಮುಳ್ಳುಪೊದೆಯ ಕಡಲೆ ಗಾತ್ರದ ಕಾಯಿ. ಸಾಂಗ್ರಿ ಅಂದರೆ ಬನ್ನಿಯ ಎಳೆ ಕಾಯಿ, ಒಣಗಿಸಿದ್ದು. ಬನ್ನಿಯ ಕಾಯಿ ತಿನ್ನಬಹುದೆಂದು ನನಗೆ ಗೊತ್ತೇ ಇರಲಿಲ್ಲ. ದಾರದಂತೆ ಸಪೂರ, ಅಗಿದರೆ ಒಣಗಿಸಿದ ಹುರುಳಿಕಾಯಿಯ ಹಾಗೆ, ಕೊನೆಗೆ ಹುಳಿ. ಖಾನಾವಳಿಯ ಅಮ್ಮ ಹೇಳಿದ ಪ್ರಕಾರ ಕೇರನ್ನು ಕೆಲವು ದಿನ ಉಪ್ಪುನೀರಲ್ಲೋ ಮಜ್ಜಿಗೆಯಲ್ಲೋ ನೆನೆಹಾಕಿ ಕಹಿ ತೆಗೆಯದೆ ಬಾಯಿಗಿಡುವಂತಿಲ್ಲ.

ಪಕ್ಕದ ಖೀಚನ್‌ಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಸಾವಿರಾರು ಕುರ್ಜಾ ಹಕ್ಕಿಗಳು ಬರುತ್ತವೆ. ಕ್ರೌಂಚದ ಜಾತಿ. ಊರವರು ಕಾಳು ಹಾಕಿ ಸಾಕುತ್ತಾರೆ. ಮಾರ್ಚ್‌ನಲ್ಲೇ ಅವು ಹೋಗಿಯಾಗಿತ್ತು. ಕಾಳು ಹಾಕಲೆಂದು ಬೇಲಿ ಕಟ್ಟಿದ ಖಾಲಿ ಚುಗ್ಗಾ ಘರ್‌ನಲ್ಲಿ ಪಾರಿವಾಳಗಳಷ್ಟೇ ಇದ್ದವು. ಕೆಂಪು ಬಾವುಟಗಳ ರಾಮದೇವರಾದಲ್ಲಿ ಹಿಂದೂಗಳ ರಾಮದೇವಜಿಗೆ, ಮುಸ್ಲಿಮರ ರಾಮ್‌ಸಾ ಪೀರ್‌ಗೆ ಒಂದೇ ಸಮಾಧಿಯ ಮುಂದೆ ತಲೆಬಾಗಿ, ಕತ್ತಲಾಗುವ ಮೊದಲು ಪೋಖರಣ್ ಸೇರಿದೆ.

ಪೋಖರಣ್ ಎಂದರೆ ನಮಗೆ ಅಣುಪರೀಕ್ಷೆ. 1974ರ ಮೇ 18, ಆಮೇಲೆ 1998ರ ಮೇ 11 ಮತ್ತು 13. ಮೊದಲನೆಯದರ ಮುಂದಾಳು ನಮ್ಮ ತಿಪಟೂರಲ್ಲಿ ಹುಟ್ಟಿದ ರಾಜಾರಾಮಣ್ಣ. ಮೇ ತಿಂಗಳ ಈ ನೆಲದಲ್ಲಿ ಆ ಜನ ಕೆಲಸ ಮಾಡಿದ್ದು ಹೇಗೆ ಎಂದು, ಫ್ಯಾನಿನ ಬಿಸಿಗಾಳಿಗೆ ಮಗ್ಗುಲು ಬದಲಿಸುತ್ತ ಬಹಳ ಹೊತ್ತು ಯೋಚಿಸಿದೆ. ಪರೀಕ್ಷಾ ವಲಯಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಊರಿನಲ್ಲಿ ನೋಡಬೇಕಾದದ್ದು ಕುಂಬಾರರ ಕೇರಿ, ತಿನ್ನಬೇಕಾದದ್ದು ಚಮ್‌ಚಮ್ ಎಂಬ ಸಿಹಿ.

ಮೂರನೇ ದಿನ: ಜೈಸಲ್ಮೇರ್ ದಾರಿಯಲ್ಲಿ ಒಂದು ಮುಳ್ಳು

ಜೈಸಲ್ಮೇರ್‌ಗೆ 110 ಕಿಲೋಮೀಟರ್. ರಸ್ತೆ ನುಣುಪು, ದಾರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಗಾಳಿಯಂತ್ರ, ವಿದ್ಯುತ್ ತಂತಿ. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಬಂದಿರುವ ಎರೆಭೂತ ಹಕ್ಕಿ ಇಲ್ಲಿ ಗೋಡಾವಣ್, ರಾಜಸ್ಥಾನದ ರಾಜ್ಯಪಕ್ಷಿ. ಅದಕ್ಕೆ ನೇರ ಮುಂದಿನ ದೃಷ್ಟಿ ಕಡಿಮೆ, ಭಾರದ ಮೈ, ಹಾರುತ್ತ ತಂತಿಗೆ ಬಡಿದು ಸಾಯುತ್ತದೆ. ಹಕ್ಕಿಯ ಕಣ್ಣಿಗೆ ಬೀಳಲೆಂದು ತಂತಿಗಳ ಮೇಲೆ ತೂಗುಬಿಟ್ಟ ಬಿಲ್ಲೆಗಳನ್ನು ಕಂಡಾಗಲೆಲ್ಲ ಬೈಕು ನಿಧಾನಿಸಿ ಸುತ್ತ ನೋಡಿದೆ. ಒಂದೂ ಕಾಣಲಿಲ್ಲ.

ಲಾಠಿ ದಾಟಿದ ಮೇಲೆ ಟೀ ಕುಡಿಯಲು ರಸ್ತೆಯಿಂದ ಇಳಿಸಿದ್ದೇ ತಪ್ಪಾಯಿತು. ಹತ್ತು ನಿಮಿಷದಲ್ಲಿ ಹಿಂದಿನ ಚಕ್ರ ತೂರಾಡತೊಡಗಿತು. ಒಂಬತ್ತೂಮುಕ್ಕಾಲು, ನೆರಳಿಗೆ ಇದ್ದದ್ದು ನೂರು ಹೆಜ್ಜೆ ದೂರದ ಒಂದು ಖೇಜ್ಡಿ. ಅಲ್ಲಿಗೆ ತಳ್ಳುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ನೀರಿಗೆ ಓಆರ್‌ಎಸ್ ಹಾಕಿ ಕುಡಿದು, ಚಕ್ರ ಬಿಚ್ಚಿದೆ. ಟೈರಿನ ಅಂಚು ರಿಮ್ಮಿನಿಂದ ಬಿಡುತ್ತಿಲ್ಲ. ಆಗ ಕುರಿಮಂದೆಯೊಂದು ಬಂದು ನನ್ನ ನೆರಳನ್ನು ಹಂಚಿಕೊಂಡಿತು, ಹಿಂದೆ ರಾಯಿಕಾ ಕುರಿಗಾರ. ಅವನೇನೂ ಕೇಳಲಿಲ್ಲ. ಚಕ್ರ ಮಲಗಿಸಿ, ಮೂತಿ ಬಾಗಿದ ಚರ್ಮದ ಜೋಡಿನಲ್ಲಿ ಟೈರಿನ ಮೇಲೆ ನಿಂತು, ಸಜ್ಜೆ ತುಳಿದಂತೆ ಸುತ್ತಲೂ ತುಳಿದ. ಪಟ್ಟೆಂದು ಬಿಟ್ಟುಕೊಂಡಿತು. ಹೊಸ ಟ್ಯೂಬ್ ಹಾಕಲು ಹೋದವನ ಕೈ ಹಿಡಿದು ತಡೆದ. ಟೈರಿನ ಒಳಗೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿ, ಹಲ್ಲಿನಿಂದ ಕಚ್ಚಿ ಎಳೆದು ತೋರಿಸಿದ: ಕಂದು ಬಣ್ಣದ ಒಂದಂಗುಲದ ಮುಳ್ಳು. ವಿಲಾಯಿತಿ ಬಬೂಲ್, ನಮ್ಮ ಬಳ್ಳಾರಿ ಜಾಲಿ. ಅದನ್ನು ಒಳಗೇ ಬಿಟ್ಟಿದ್ದರೆ ಹೊಸ ಟ್ಯೂಬೂ ಹೋಗುತ್ತಿತ್ತು, ನನ್ನ ಬಳಿ ಇದ್ದದ್ದು ಒಂದೇ.

ಕೈಪಂಪಿನಲ್ಲಿ ಇಬ್ಬರೂ ಸರದಿಯಂತೆ ಗಾಳಿ ಹೊಡೆದೆವು. ನನ್ನ ಕಡಲೆಮಿಠಾಯಿ ಅವನಿಗೆ ಬಹಳ ಹಿಡಿಸಿತು. ಕುರಿಗಳು ಮೇಲೆ ಕತ್ತು ಚಾಚಿ ಖೇಜ್ಡಿಯ ಎಲೆಗೆ ಬಾಯಿ ಹಾಕುತ್ತಿದ್ದವು. ಈ ಮರ ಮಳೆಗೆ ಕಾಯುವುದಿಲ್ಲ. ಬೇರು ಹತ್ತಾರು ಮೀಟರ್ ಆಳ ಇಳಿದಿರುವುದರಿಂದ, ಎಲ್ಲವೂ ಸೊರಗುವ ಈ ದಿನಗಳಲ್ಲೇ ಹೊಸ ಎಲೆ ಬಿಡುತ್ತದೆ. ಬರದಲ್ಲಿ ಜನವನ್ನೂ ದನವನ್ನೂ ಸಾಕುವುದು ಇದೇ.

ಜೈಸಲ್ಮೇರ್ ಬಗ್ಗೆ ಬರೆದವರು ಬಹಳ. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಕೋಟೆ ಸಂಜೆ ಬಿಸಿಲಿಗೆ ಜೇನಿನ ಬಣ್ಣ ತಾಳುವುದನ್ನು ನಾನೂ ಗಡಿಸರ್ ಕೆರೆಯ ದಂಡೆಯಲ್ಲಿ ಕೂತು ನೋಡಿದೆ. ಒಂದೇ ಮಾತು ಹೇಳುತ್ತೇನೆ: ತಂಗುವುದು ಕೋಟೆಯ ಹೊರಗೇ ತಂಗಿ. ಕೊಡದಲ್ಲಿ ನೀರು ಹೊತ್ತ ಕಾಲಕ್ಕೆ ಕಟ್ಟಿದ ಕೋಟೆಯದು. ಇಂದಿನ ಬಚ್ಚಲುಗಳ ನೀರು ಸೋರಿ ಗುಡ್ಡದ ಬುಡವನ್ನೇ ಸಡಿಲಿಸುತ್ತಿದೆ, ಬುರುಜುಗಳು ಕುಸಿದಿವೆ.

ನಾಲ್ಕನೇ ದಿನ: ತನೋಟ್, ಲೋಂಗೇವಾಲಾ, ಆಂಧಿ ಎಂಬ ಮರಳುಗಾಳಿ

ದೇಶದ ಪಶ್ಚಿಮ ಅಂಚಾದ್ದರಿಂದ ಬೆಳಕು ಹರಿಯುವುದು ತಡ. ಆರಕ್ಕೆ ಹೊರಟು ಏಳೂಕಾಲಿಗೆ ರಾಮಗಢ. ಇಲ್ಲಿ ಟ್ಯಾಂಕು ತುಂಬಿಸಲೇಬೇಕು, ಮುಂದೆ ನಂಬುವಂಥದ್ದೇನೂ ಇಲ್ಲ. ಆದರೆ ಕುತ್ತಿಗೆವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಬೇಡಿ, ಉಕ್ಕಿ ಮುಚ್ಚಳದಿಂದ ಇಳಿಯುತ್ತದೆ. ಈ ಸೀಮೆಗೆ ಇಂದಿರಾ ಗಾಂಧಿ ಕಾಲುವೆಯ ನೀರು ಬಂದಿದೆ. ಪಂಜಾಬಿನ ಹರಿಕೆ ಅಣೆಕಟ್ಟಿನಿಂದ ಹೊರಟು ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಬಂದ ನೀರಿನ ಪಕ್ಕ ಹಸಿರು, ಹತ್ತು ಮಾರು ಆಚೆ ಮರಳು.

ರಾಮಗಢದ ನಂತರ ರಸ್ತೆ ಮರಳಿನ ಅಲೆಗಳ ಮೇಲೆ ಏರಿಳಿಯುತ್ತದೆ. ಮರ ಕಡಿಮೆಯಾಗುತ್ತ ಬಂತು. ಎಕ್ಕ, ಫೋಗ್ ಪೊದೆ, ಸೇವಣ ಹುಲ್ಲು. ಗಾಳಿ ಎಳೆದು ತಂದ ಮರಳು ಟಾರಿನ ಮೇಲೆ ನಾಲಿಗೆ ಚಾಚಿದಂತೆ ಬಿದ್ದಿರುತ್ತದೆ. ಏರಿನಾಚೆ ಅದು ಇದ್ದೇ ಇದೆ ಎಂದುಕೊಂಡೇ ಓಡಿಸಬೇಕು. ಮುಟ್ಟುವ ಮೊದಲೇ ವೇಗ ಇಳಿಸಿ, ಮುಟ್ಟಿದ ಮೇಲೆ ಬ್ರೇಕು ಹಿಡಿಯದೆ, ಮೈ ಹಿಂದಕ್ಕೆ ಹಾಕಿ, ಆಕ್ಸಿಲರೇಟರ್ ಒಂದೇ ಸಮ ಹಿಡಿದರೆ ದಾಟುತ್ತದೆ.

ತನೋಟ್ ಮಾತೆಯ ಗುಡಿಯನ್ನು ನೋಡಿಕೊಳ್ಳುವುದು ಗಡಿ ಭದ್ರತಾ ಪಡೆಯ ಯೋಧರು. ಪೂಜೆಯೂ ಅವರದೇ. 1965ರ ಯುದ್ಧದಲ್ಲಿ ಇಲ್ಲಿ ಬಿದ್ದು ಸಿಡಿಯದ ಬಾಂಬುಗಳನ್ನು ಗುಡಿಯೊಳಗೆ ಗಾಜಿನ ಹಿಂದೆ ಇಟ್ಟಿದ್ದಾರೆ. ಹರಕೆ ಹೊತ್ತವರು ಕಟ್ಟಿದ ಕರವಸ್ತ್ರಗಳು ಸಾವಿರಾರು. ಗಡಿ ಇಲ್ಲಿಂದ ಇನ್ನೂ ಮುಂದೆ, ಅಲ್ಲಿಗೆ ಅನುಮತಿ ಬೇಕು, ನಾನು ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಒಬ್ಬ ಯೋಧ ನನ್ನ ನಂಬರ್ ಪ್ಲೇಟು ನೋಡಿ "ಏನ್ರೀ, ಆರಾಮಾ?" ಅಂದ. ಗೋಕಾಕದ ಕಡೆಯವನಂತೆ. ಎರಡು ದಿನ ಕನ್ನಡವೇ ಆಡದ ನನ್ನ ಬಾಯಿಗೆ ಮಾತೇ ಹೊರಡಲಿಲ್ಲ. ಊರಲ್ಲಿ ಮಳೆ ಬಂತಾ ಎಂದು ಕೇಳಿದ. ಯುಗಾದಿ ಆದಮೇಲೆ ಒಂದು ಸಲ ಜೋರಾಗಿ ಬಂದಿದೆ ಎಂದೆ. "ಗುಡುಗು ಇತ್ತೇನ್ರೀ?" ಅಂದ. ಇತ್ತು ಎಂದೆ. ಅವನಿಗೆ ಅಷ್ಟು ಸಾಕಾಗಿತ್ತು. ಎದ್ದು ಹೋಗುವಾಗ ನಾಲ್ಕರ ತನಕ ಹೊರಡಬೇಡಿ ಎಂದ.

ನಾನು ಮೂರಕ್ಕೇ ಹೊರಟೆ. ಲೋಂಗೇವಾಲಾ ಬರೀ 40 ಕಿಲೋಮೀಟರ್ ಅನ್ನುವ ಧೈರ್ಯ. ಅರ್ಧ ದಾರಿಯಲ್ಲಿ ಫೋನು ಕಾದು ತಾನೇ ಆರಿಹೋಯಿತು, ಮ್ಯಾಪೂ ಹೋಯಿತು. (ಮುಂದಿನ ಊರುಗಳ ಹೆಸರು, ದೂರ ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿಗೆ ಅಂಟಿಸಿಕೊಂಡಿರಿ.) ಆಮೇಲೆ ಗಾಳಿ ನಿಂತುಹೋಯಿತು. ಮೂರು ದಿನದಿಂದ ಕಿವಿಯಲ್ಲಿದ್ದ ಸದ್ದು ಇಲ್ಲವಾದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನೈರುತ್ಯದಲ್ಲಿ ನೆಲದಿಂದ ಎದ್ದ ಕಂದು ಗೋಡೆ, ತಲೆ ಮೇಲೆ ಇನ್ನೂ ನೀಲಿ ಆಕಾಶ. ಮುಂದೆ ರಸ್ತೆಯ ಮರಳು ತೆಗೆಯುವ ಜೆಸಿಬಿ ನಿಂತಿತ್ತು, ಅದರ ಮರೆಯಲ್ಲಿ ಮೂವರು ಕೆಲಸಗಾರರು ಕೈಬೀಸಿ ಕೂಗುತ್ತಿದ್ದರು. ಬೈಕನ್ನು ರಸ್ತೆಯಿಂದ ಪೂರ್ತಿ ಇಳಿಸಿ ಲೈಟು ಆರಿಸು ಎಂದರು. ಲೈಟು ಕಂಡರೆ ಹಿಂದಿನಿಂದ ಬರುವ ಲಾರಿಯವನು ಅದೇ ರಸ್ತೆ ಎಂದುಕೊಂಡು ಮೇಲೆಯೇ ಹತ್ತಿಸುತ್ತಾನಂತೆ.

ಬಂದಾಗ ಅದು ಗಾಳಿಯಂತಿರಲಿಲ್ಲ. ಯಾರೋ ಕಂಬಳಿ ಮುಚ್ಚಿದ ಹಾಗೆ ಹಗಲು ಕೆಂಪಾಗಿ, ಕಂದಾಗಿ, ನನ್ನ ಕೈ ನನಗೇ ಕಾಣದಾಯಿತು. ಜೆಸಿಬಿಯ ಕಬ್ಬಿಣಕ್ಕೆ ಮರಳು ಬಡಿಯುವ ಸದ್ದು ಬಾಣಲೆಗೆ ರವೆ ಸುರಿದಂತೆ ಕೇಳುತ್ತಿತ್ತು. ಒದ್ದೆ ಟವೆಲ್ಲಿನ ಹಿಂದೆ ಮೂಗಿನಲ್ಲಿ, ಹಲ್ಲಿನ ಸಂದಿಯಲ್ಲಿ ಮರಳು. ಪಕ್ಕದಲ್ಲಿದ್ದವ ನನ್ನ ತೋಳನ್ನು ಬಿಡದೆ ಹಿಡಿದಿದ್ದ. ಇಪ್ಪತ್ತು ನಿಮಿಷ ಇರಬಹುದು. ನನಗೆ ಭಯವಾಯಿತು, ಬಹಳ ಭಯವಾಯಿತು.

ತಿಳಿಯಾದ ಮೇಲೆ ಅವರು ಬುತ್ತಿ ಬಿಚ್ಚಿದರು. ದಪ್ಪ ರೊಟ್ಟಿ, ಬೆಳ್ಳುಳ್ಳಿ-ಕೆಂಪುಮೆಣಸಿನ ಚಟ್ನಿ, ಗುದ್ದಿ ಒಡೆದ ಈರುಳ್ಳಿ. ರೊಟ್ಟಿಯಲ್ಲೂ ಮರಳು ಕರಕರ ಅಂದಿತು, ಯಾರೂ ಅದರ ಮಾತೆತ್ತಲಿಲ್ಲ. ಹೊರಡುವಾಗ ಒಂದು ಇಡೀ ಈರುಳ್ಳಿಯನ್ನು ನನ್ನ ಜೇಬಿಗೆ ತುರುಕಿದರು. ಜೇಬಲ್ಲಿ ಈರುಳ್ಳಿ ಇದ್ದರೆ ಲೂ, ಅಂದರೆ ಬೇಸಿಗೆಯ ಬಿಸಿಗಾಳಿ, ಬಡಿಯುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ಪ್ರವಾಸ ಮುಗಿಯುವ ತನಕ ಆ ಈರುಳ್ಳಿ ಜೇಬಿನಲ್ಲೇ ಇತ್ತು.

ಲೋಂಗೇವಾಲಾದಲ್ಲಿ ಬೈಕಿನ ಸೈಡ್ ಸ್ಟ್ಯಾಂಡು ಮರಳಲ್ಲಿ ಕುಸಿಯಿತು. ಕೆಳಗಿಡಲು ಅಂಗೈಯಗಲದ ಹಲಗೆ ತುಂಡು ಒಯ್ದಿದ್ದೆ, ಉಪಯೋಗಕ್ಕೆ ಬಂತು. 1971ರ ಡಿಸೆಂಬರ್ 4ರ ರಾತ್ರಿ ಇದೇ ಮರಳಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಹೂತುಕೊಂಡವು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಜೊತೆ ಇದ್ದದ್ದು ಪಂಜಾಬ್ ರೆಜಿಮೆಂಟಿನ ಸುಮಾರು 120 ಸೈನಿಕರು. ಬೆಳಕು ಹರಿದು ಜೈಸಲ್ಮೇರ್‌ನಿಂದ ಹಂಟರ್ ವಿಮಾನಗಳು ಬರುವ ತನಕ ಅವರು ಜಾಗ ಬಿಡಲಿಲ್ಲ. ಅಲ್ಲಿ ನಿಲ್ಲಿಸಿರುವ ಟ್ಯಾಂಕಿನ ಉಕ್ಕು ಮುಟ್ಟಿದೆ, ಆರು ಗಂಟೆಗೂ ಸುಡುತ್ತಿತ್ತು. ಕತ್ತಲಲ್ಲಿ ಒಂಟೆಗಳು ರಸ್ತೆಯಲ್ಲೇ ಮಲಗಿರುತ್ತವೆ, ಹಾಗಾಗಿ ಜೈಸಲ್ಮೇರ್ ಆಸೆ ಬಿಟ್ಟು ರಾಮಗಢದಲ್ಲೇ ಉಳಿದೆ. ರಾತ್ರಿ ಏರ್ ಫಿಲ್ಟರ್ ಬಿಚ್ಚಿ ತಟ್ಟಿದರೆ ಒಂದು ಹಿಡಿ ಮರಳು.

ಐದನೇ ದಿನ: ಕುಲಧರಾ, ಸಮ್

ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಕುಲಧರಾ ಊರಿಗೆ ಜನ ದೆವ್ವದ ಕಥೆ ಕೇಳಲು ಹೋಗುತ್ತಾರೆ. ನನಗೆ ಇಷ್ಟವಾದದ್ದು ಅವರ ಖಡೀನ್. ಕಲ್ಲುನೆಲದ ಇಳಿಜಾರಿನ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಒಡ್ಡು ಹಾಕಿ ನಿಲ್ಲಿಸಿ, ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುವುದು. ಮರುಭೂಮಿಯಲ್ಲಿ ಗೋಧಿ! ಈ ಸೀಮೆಯಲ್ಲಿ ಖಡೀನ್‌ಗಳು ಇಂದಿಗೂ ಬಳಕೆಯಲ್ಲಿವೆ. ದೆವ್ವಕ್ಕಿಂತ ಇದನ್ನು ತೋರಿಸುವ ಗೈಡುಗಳು ಬೇಕು.

ಸಮ್ ದಿಬ್ಬಗಳಲ್ಲಿ ಜೀಪುಗಳ ಗದ್ದಲವಿರಲಿಲ್ಲ, ಟೆಂಟುಗಳು ಕಳಚಿದ್ದವು. ಖುರಿಯ ಕಡೆ ತಿರುಗುವಾಗ ಮರಳಲ್ಲಿ ಬ್ರೇಕು ಹಿಡಿದೆ, ಬಿದ್ದೆ. ಬಲಗನ್ನಡಿ ಒಡೆಯಿತು, ಮೊಣಕೈ ತರಚಿತು. ಆಡು ಕಾಯುವ ಇಬ್ಬರು ಹುಡುಗರು ಬಂದು ಬೈಕು ಎತ್ತಿಸಿ, ಕನ್ನಡಿಯ ಚೂರುಗಳನ್ನು ಒಂದೊಂದಾಗಿ ಆರಿಸಿದರು. ಆಡುಗಳ ಗೊರಸಿಗೆ ಚುಚ್ಚುತ್ತದೆ ಎಂದು.

ಆರನೇ ದಿನ: ಬಾಡಮೇರ್ ದಾರಿ

ಜೈಸಲ್ಮೇರ್‌ನಿಂದ 17 ಕಿಲೋಮೀಟರ್‌ಗೆ ಆಕಲ್. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಕಬ್ಬಿಣದ ಗೂಡುಗಳಲ್ಲಿ ಮಲಗಿವೆ. ಈ ಮರಳು ಒಂದು ಕಾಲಕ್ಕೆ ಕಾಡು. ಬೆಳಗಿನ ಏಳಕ್ಕೆ ಅಲ್ಲಿ ನಾನೊಬ್ಬನೇ.

ದೇವೀಕೋಟ್ ದಾಟಿ ಒಂದು ಢಾಣಿ, ಅಂದರೆ ನಾಲ್ಕಾರು ಗುಡಿಸಲುಗಳ ಹಟ್ಟಿ. ರಸ್ತೆಗೆ ತಾಗಿ ಖೇಜ್ಡಿ, ಕೆಳಗೆ ಮಡಕೆಗಳು. ಅಜ್ಜಿ, ಸೊಸೆಯಂದಿರಿಬ್ಬರು ಎಳೆ ಸಾಂಗ್ರಿ ಬಿಡಿಸುತ್ತಿದ್ದರು, ಸುತ್ತ ಮಕ್ಕಳು. ಕೂತೆ, ಉಸಿರು ಇಳಿಸಿಕೊಂಡೆ, ಆಮೇಲೆ ಬೊಗಸೆ ಒಡ್ಡಿದೆ. ಅಜ್ಜಿಗೆ ಅದು ಮೆಚ್ಚುಗೆಯಾಯಿತು. ನಿಮ್ಮ ಕಡೆ ಖೇಜ್ಡಿ ಇದೆಯಾ ಎಂದು ಕೇಳಿದರು.

"ಇದೆ ಮಾಜೀ. ನಾವು ಅದನ್ನ ಬನ್ನಿ ಅಂತೀವಿ."

"ಬನ್ನೀ?" ಸೊಸೆಯಂದಿರು ಸೆರಗು ಬಾಯಿಗೆ ಅದುಮಿ ನಗತೊಡಗಿದರು. ಅಜ್ಜಿಯೂ ನಕ್ಕರು, ಹಲ್ಲಿಲ್ಲದ ಬಾಯಿ ತುಂಬ. ಅವರ ಮಾತಿನಲ್ಲಿ ಬನ್ನೀ ಅಂದರೆ ಮದುವಣಗಿತ್ತಿ. ನಾನು ಹೆಸರನ್ನು ಇನ್ನೊಮ್ಮೆ ಹೇಳಿದೆ, ಹಬ್ಬದ ದಿನ ಎಲೆ ಹಂಚುವುದನ್ನೂ ಹೇಳಿದೆ. ಅಜ್ಜಿ ತಲೆಯೆತ್ತಿ ಮರವನ್ನು ಬುಡದಿಂದ ತುದಿಯವರೆಗೆ, ಹೊಸ ಎಲೆಗಳನ್ನೆಲ್ಲ ನೋಡಿದರು. "ಹೌದು, ಹಾಗೇ ಕಾಣ್ತಾಳೆ" ಅಂದು, ನನ್ನ ಬಾಟಲಿಗೆ ನೀರು ತುಂಬಿ, ಒಂದು ಹಿಡಿ ಸಾಂಗ್ರಿಯನ್ನು ಹಳೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು.

ಬೈಕು ಸ್ಟಾರ್ಟ್ ಮಾಡಿದೆ. ಮಕ್ಕಳು ಮರದ ಸುತ್ತ ಓಡುತ್ತ ಹೊಸ ಹೆಸರನ್ನು ಕೂಗುತ್ತಿದ್ದರು. ಕನ್ನಡಿ ಒಡೆದಿದ್ದರಿಂದ ಹಿಂದೆ ತಿರುಗಿಯೇ ನೋಡಬೇಕಾಯಿತು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಬಹಳ ದೂರದವರೆಗೂ ಕೇಳಿಸಿತು: ಬನ್ನಿ, ಬನ್ನಿ, ಬನ್ನಿ.